ತಗಡಿನ ಶೆಡ್ಡಿನಲ್ಲಿ ಭಾರದ ನಾಮಫಲಕ: ಎಲ್ಲಿ ತೂಗುಹಾಕಬೇಕು, ಎಲ್ಲಿ ಕೂಡದು

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರು ಸೀಮೆ ಭತ್ತದ ನಾಡಾಯಿತು. ಭತ್ತದ ಬೆನ್ನಿಗೇ ಅಕ್ಕಿ ಗಿರಣಿಗಳು, ಗೋದಾಮುಗಳು, ಅಡತಿ ಅಂಗಡಿಗಳು, ಟ್ರ್ಯಾಕ್ಟರ್ ದುರಸ್ತಿಯ ಗ್ಯಾರೇಜುಗಳು ಬಂದವು. ಹೊಸ ತಾಲ್ಲೂಕು ಕೇಂದ್ರವಾದ ಮಸ್ಕಿಯಲ್ಲಿಯೂ, ನಾರಾಯಣಪುರ ಬಲದಂಡೆ ಕಾಲುವೆಯ ನೀರನ್ನು ಕಂಡ ಲಿಂಗಸುಗೂರಿನಲ್ಲಿಯೂ ಇವುಗಳಲ್ಲಿ ಹೆಚ್ಚಿನವು ಒಂದೇ ಬಗೆಯ ಕಟ್ಟಡದಲ್ಲಿ ನಡೆಯುತ್ತವೆ: ಕಬ್ಬಿಣದ ಕಂಬಗಳು, ಅವುಗಳ ಮೇಲೆ ತ್ರಿಕೋನಾಕಾರದ ಟ್ರಸ್ಸುಗಳು, ಟ್ರಸ್ಸಿನಿಂದ ಟ್ರಸ್ಸಿಗೆ ಅಡ್ಡಲಾಗಿ ಹಾಯ್ದ ಪರ್ಲಿನ್ ಎಂಬ ಪಟ್ಟಿಗಳು, ಅವಕ್ಕೆ ಬಿಗಿದ ತಗಡು. ಇಂತಹ ಶೆಡ್ಡು ನಿಂತ ಕೆಲವೇ ದಿನಗಳಲ್ಲಿ ಅದರ ಟ್ರಸ್ಸಿಗೆ ಏನಾದರೊಂದು ಜೋತುಬೀಳುತ್ತದೆ. ದೊಡ್ಡ ನಾಮಫಲಕ, ದರದ ಹಲಗೆ, ಫ್ಯಾನು, ಕೊನೆಗೆ ಎಂಜಿನ್ ಎತ್ತುವ ಚೈನ್ ಪುಲ್ಲಿ. ಆ ಭಾರವನ್ನು ಟ್ರಸ್ಸು ಹೊರಬಲ್ಲದೇ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ.

ಈ ನಿಶ್ಚಿಂತೆಗೆ ಹಳೆಯ ಮನೆಗಳ ಅನುಭವವೂ ಒಂದು ಕಾರಣವಿರಬೇಕು. ಈ ಭಾಗದ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ತೊಲೆ ಮತ್ತು ಜಂತಿಗಳು ಮೇಲ್ಛಾವಣಿಯ ಮಣ್ಣನ್ನೇ ತಲೆಮಾರುಗಟ್ಟಲೆ ಹೊತ್ತು ನಿಂತಿದ್ದವು. ಮಣ್ಣಿನ ದಪ್ಪ 20 ಸೆಂಟಿಮೀಟರ್ ಎಂದು ಹಿಡಿದರೂ ಪ್ರತಿ ಚದರ ಮೀಟರಿಗೆ 300 ಕಿಲೋ ಮೀರುವ ಆ ಭಾರದ ಮುಂದೆ, ತೊಲೆಗೆ ಕಟ್ಟಿದ ತೊಟ್ಟಿಲಿನ ತೂಕ ಲೆಕ್ಕಕ್ಕೇ ಬರುತ್ತಿರಲಿಲ್ಲ. ಅರ್ಧ ಮಿಲಿಮೀಟರ್ ದಪ್ಪದ ತಗಡಾದರೋ ಚದರ ಮೀಟರಿಗೆ ಐದು ಕಿಲೋ ತೂಗುವುದೂ ಕಷ್ಟ, ಮತ್ತು ಅದನ್ನು ಹೊರುವ ಟ್ರಸ್ಸನ್ನು ಆ ಹಗುರತನವನ್ನು ನೋಡಿಯೇ ರೂಪಿಸಿರುತ್ತಾರೆ. ಕಟ್ಟಡಗಳ ಮೇಲಿನ ಭಾರವನ್ನು ಕುರಿತ ಭಾರತೀಯ ಮಾನಕ 875ರ ಎರಡನೆಯ ಭಾಗವು, ದುರಸ್ತಿಗೆ ಹೊರತು ಯಾರೂ ಹತ್ತದ, ಇಳಿಜಾರು 10 ಡಿಗ್ರಿ ಮೀರದ ಛಾವಣಿಗೆ ಚದರ ಮೀಟರಿಗೆ 0.75 ಕಿಲೋನ್ಯೂಟನ್, ಅಂದರೆ ಸುಮಾರು 76 ಕಿಲೋ ಭಾರವನ್ನು ಹಿಡಿಯಲು ಹೇಳುತ್ತದೆ. ಆದರೆ ಅದು ತಗಡು ಬದಲಿಸಲು ಹತ್ತುವ ಕೆಲಸಗಾರರಿಗಾಗಿ ಇಟ್ಟ ಅವಕಾಶವೇ ಹೊರತು ಕೆಳಗೆ ಕಾಯಮ್ಮಾಗಿ ತೂಗುಹಾಕುವ ವಸ್ತುಗಳಿಗಲ್ಲ.

ಟ್ರಸ್ಸಿನ ಬಲ ಅದರ ತ್ರಿಕೋನಗಳಲ್ಲಿದೆ. ಅದರ ಒಂದೊಂದು ಕಡ್ಡಿಯೂ ಉದ್ದಕ್ಕೆ ಎಳೆಸಿಕೊಳ್ಳಲು ಅಥವಾ ಉದ್ದಕ್ಕೆ ಒತ್ತಿಸಿಕೊಳ್ಳಲು ತಯಾರಾದದ್ದು, ನಡುವೆ ಬಾಗಲು ಅಲ್ಲ. ಕಡ್ಡಿಗಳು ಬಂದು ಸೇರುವ ಜಾಗವನ್ನು, ಸಾಮಾನ್ಯವಾಗಿ ಗಸೆಟ್ ಎಂಬ ಚಪ್ಪಟೆ ತಗಡಿಗೆ ಅವು ಬೆಸುಗೆಗೊಂಡಿರುವ ಜಾಗವನ್ನು, ಸಂಧಿ ಎನ್ನಬಹುದು. ಭಾರವು ಸಂಧಿಯಲ್ಲಿ ಇಳಿದರೆ ಕಡ್ಡಿಗಳು ಅದನ್ನು ಹಂಚಿಕೊಂಡು ಕಂಬಕ್ಕೆ ಮುಟ್ಟಿಸುತ್ತವೆ. ಎರಡು ಸಂಧಿಗಳ ನಡುವೆ ಇಳಿದರೆ ಆ ಒಂದೇ ಕಡ್ಡಿ ತೊಲೆಯಂತೆ ಬಾಗಬೇಕಾಗುತ್ತದೆ.

ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದನ್ನು ಸರಳವಾದ ಒಂದು ಲೆಕ್ಕ ತೋರಿಸುತ್ತದೆ. ಕಂಬದಿಂದ ಕಂಬಕ್ಕೆ 12 ಮೀಟರ್ ಅಗಲ, ನಡುವೆ 2 ಮೀಟರ್ ಎತ್ತರವಿರುವ ಟ್ರಸ್ಸಿನ ಕೆಳಗಡ್ಡಿಯು 50×50×6 ಮಿಲಿಮೀಟರ್ ಅಳತೆಯ ಒಂಟಿ ಆಂಗಲ್ ಎಂದೂ, ಸಂಧಿಯಿಂದ ಸಂಧಿಗೆ ಒಂದೂವರೆ ಮೀಟರ್ ಅಂತರವೆಂದೂ ಇಟ್ಟುಕೊಂಡರೆ, ನೂರು ಕಿಲೋ ತೂಕದ ಫಲಕವನ್ನು ಟ್ರಸ್ಸಿನ ನಟ್ಟನಡುವಿನ ಸಂಧಿಗೆ ತೂಗುಹಾಕಿದಾಗ ಕೆಳಗಡ್ಡಿಯ ಮೇಲೆ ಹೆಚ್ಚುವ ಒತ್ತಡ ಪ್ರತಿ ಚದರ ಮಿಲಿಮೀಟರಿಗೆ ಸುಮಾರು ಕಾಲು ಕಿಲೋ ಮಾತ್ರ. ಅದೇ ಫಲಕವನ್ನು ಎರಡು ಸಂಧಿಗಳ ಮಧ್ಯಕ್ಕೆ ಸರಿಸಿದರೆ, ಬಾಗುವಿಕೆಯಿಂದಲೇ ಆ ಒತ್ತಡ ಸುಮಾರು 10 ಕಿಲೋಗೆ ಏರುತ್ತದೆ. ಇಂತಹ ಉಕ್ಕಿಗೆ ರೂಢಿಯಲ್ಲಿ ಒಪ್ಪುವ ಮಿತಿ ಸುಮಾರು 17 ಕಿಲೋ. ತಗಡಿನ ಭಾರ, ಗಾಳಿಯ ಭಾರ ಇವೆಲ್ಲವೂ ಆ ಮಿತಿಯೊಳಗೇ ಸೇರಬೇಕು. ಕೆಳಗಡ್ಡಿಯು ತುಂಡಾಗದೆ ಸಂಧಿಗಳನ್ನು ದಾಟಿ ಹೋಗಿದ್ದರೆ ಬಾಗುವಿಕೆ ತುಸು ತಗ್ಗುತ್ತದೆ, ನಿಜ; ಆದರೆ ನಲವತ್ತು ಪಟ್ಟಿನ ಅಂತರ ಅದರಿಂದ ಅಳಿಸಿಹೋಗುವುದಿಲ್ಲ. ಬೋರ್ಡಿನ ಅಂದಕ್ಕಾಗಿ, ಅದು ಬಾಗಿಲಿನ ಸರಿ ನಡುವೆ ಕಾಣಲಿ ಎಂದು ಕೊಂಡಿಯನ್ನು ಒಂದೆರಡು ಅಡಿ ಸರಿಸುವವರು ಈ ಬೆಲೆಯನ್ನು ತೆರುತ್ತಿರುತ್ತಾರೆ. ಸಂಧಿ ಸರಿಯಾದ ಜಾಗದಲ್ಲಿ ಇಲ್ಲದಿದ್ದರೆ, ಎರಡು ಟ್ರಸ್ಸುಗಳ ಸಂಧಿಗಳಿಗೆ ಅಡ್ಡಲಾಗಿ ಗಟ್ಟಿಯಾದ ಪೈಪೊಂದನ್ನು ಕೂರಿಸಿ ಅದರಿಂದ ಫಲಕವನ್ನು ಇಳಿಬಿಡುವುದು ಸರಿಯಾದ ದಾರಿ. ಪರ್ಲಿನ್ನಿಗೆ ಮಾತ್ರ ಏನನ್ನೂ ತೂಗುಹಾಕಕೂಡದು. ಸುಮಾರು ಎರಡು ಮಿಲಿಮೀಟರ್ ದಪ್ಪದ ಹಾಳೆಯನ್ನು ಮಡಚಿ ಮಾಡಿದ ಅದರ ಅಂಚು ಒಂದು ಕಡೆಯ ಎಳೆತಕ್ಕೆ ಸುಲಭವಾಗಿ ತಿರುಚಿಕೊಳ್ಳುತ್ತದೆ.

ಸರಪಳಿಯ ಓರೆಯೂ ಲೆಕ್ಕಕ್ಕೆ ಬರುವ ವಿಷಯ. ಎರಡು ಸರಪಳಿಗಳು ನೇರವಾಗಿ ಇಳಿದರೆ ನೂರು ಕಿಲೋ ಫಲಕದ ಐವತ್ತೈವತ್ತು ಕಿಲೋ ಒಂದೊಂದರ ಪಾಲಿಗೆ ಬರುತ್ತದೆ. ಅವು ನೆಲಮಟ್ಟದ ರೇಖೆಗೆ 30 ಡಿಗ್ರಿಯಷ್ಟು ಓರೆಯಾದರೆ ಒಂದೊಂದೂ ಪೂರ್ತಿ ನೂರು ಕಿಲೋ ಎಳೆತವನ್ನು ತಾಳಬೇಕು, ಜೊತೆಗೆ ಟ್ರಸ್ಸಿನ ಕಡ್ಡಿ ಪಕ್ಕಕ್ಕೂ ಎಳೆಸಿಕೊಳ್ಳುತ್ತದೆ.

ತೂಕಕ್ಕಿಂತ ಗಾಳಿ ದೊಡ್ಡ ಶತ್ರು. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಏಳುವ ಬಿರುಗಾಳಿ ತಗಡುಗಳನ್ನು ಹಾರಿಸುವುದನ್ನು ಈ ಸೀಮೆ ಚೆನ್ನಾಗಿ ಬಲ್ಲದು. ಮಾನಕ 875ರ ಮೂರನೆಯ ಭಾಗವು ರಾಯಚೂರಿಗೆ ಹತ್ತಿರದ ಕರ್ನೂಲಿಗೆ ಸೆಕೆಂಡಿಗೆ 39 ಮೀಟರ್ ವೇಗದ ಗಾಳಿಯನ್ನು ಹಿಡಿಯಲು ಹೇಳುತ್ತದೆ. ಆ ವೇಗದ ಗಾಳಿ ಒಂದು ಚದರ ಮೀಟರಿನ ಮೇಲೆ ಹಾಕುವ ಒತ್ತಡ ಸುಮಾರು 93 ಕಿಲೋ. ಶೆಡ್ಡಿನ ತೆರೆದ ಮುಂಬಾಗಿಲಿನಲ್ಲಿ ಗಾಳಿಗೆ ಎದುರಾಗಿ ತೂಗುವ, 3 ಮೀಟರ್ ಉದ್ದ 1.2 ಮೀಟರ್ ಎತ್ತರದ ಫಲಕದ ಮೇಲೆ ಇದು 330 ಕಿಲೋ ಮೀರುತ್ತದೆ. ಫಲಕದ ಸ್ವಂತ ತೂಕ ಅದರ ಮೂರನೆಯ ಒಂದು ಪಾಲೂ ಇರಲಿಕ್ಕಿಲ್ಲ. ಅದೇ ಗಾಳಿ ಛಾವಣಿಯನ್ನು ಮೇಲಕ್ಕೆತ್ತುವಾಗ, ದಿನವೂ ಎಳೆತದಲ್ಲಿರುವ ಕೆಳಗಡ್ಡಿ ಒಮ್ಮೆಲೇ ಒತ್ತಡಕ್ಕೆ ಸಿಲುಕಿ ಪಕ್ಕಕ್ಕೆ ಬಾಗುವ ಅಪಾಯವಿರುತ್ತದೆ. ಆದ್ದರಿಂದ ಕೆಳಗಡ್ಡಿಗಳನ್ನು ಒಂದಕ್ಕೊಂದು ಕಟ್ಟುವ ಅಡ್ಡಪಟ್ಟಿಗಳಿಲ್ಲದ ಶೆಡ್ಡಿನಲ್ಲಿ ದೊಡ್ಡ ಫಲಕವನ್ನು ತೂಗುಹಾಕದಿರುವುದೇ ಲೇಸು, ಮತ್ತು ತೂಗುಹಾಕಿದ ಫಲಕದ ಕೆಳಗಿನ ಮೂಲೆಗಳನ್ನು ಕಂಬಗಳಿಗೆ ಬಿಗಿದು ತೂಗಾಟವನ್ನು ತಡೆಯುವುದು ಅಗತ್ಯ. ತೂಗಾಟವೇ ನಟ್ಟುಗಳನ್ನು ಸಡಿಲಿಸುವುದು.

ಜೋಡಿಸುವ ಬಗೆಯಲ್ಲಿ ಊರಿನ ವೆಲ್ಡಿಂಗ್ ಅಂಗಡಿಯ ಮೊದಲ ಸಲಹೆ ಕೊಂಡಿಯನ್ನು ನೇರ ಟ್ರಸ್ಸಿಗೇ ಬೆಸೆಯುವುದಾಗಿರುತ್ತದೆ. ಅದು ಒಳ್ಳೆಯ ಸಲಹೆಯಲ್ಲ. ಭಾರ ಹೊತ್ತಿರುವ ಕಡ್ಡಿಯನ್ನು ಕಾಯಿಸುವುದರಿಂದ ಅದರ ಬಲ ಆ ಹೊತ್ತಿಗೆ ಕುಗ್ಗುತ್ತದೆ, ಏಣಿಯ ಮೇಲೆ ನಿಂತು ತಲೆಯ ಮೇಲೆ ಹಾಕಿದ ಬೆಸುಗೆಯ ಗುಣವನ್ನು ನಂಬುವಂತಿಲ್ಲ, ಮತ್ತು ತೌಡಿನ ದೂಳು ಕವಿದ ಅಕ್ಕಿ ಗಿರಣಿಯಲ್ಲಾಗಲಿ ಹತ್ತಿಯ ನವಿರು ಹಾರಾಡುವ ಜಿನ್ನಿಂಗ್ ಮಿಲ್ಲಿನಲ್ಲಾಗಲಿ ಬೆಸುಗೆಯ ಒಂದು ಕಿಡಿ ಸಾಕು. ಕಡ್ಡಿಗೆ ತೂತು ಕೊರೆಯುವುದೂ ಅದರ ಬಲವನ್ನು ಕದ್ದಂತೆಯೇ. ಸಂಧಿಯ ಮಗ್ಗುಲಲ್ಲಿ ಕಡ್ಡಿಯನ್ನು ತಬ್ಬಿ ಕೂರುವ ಯು-ಬೋಲ್ಟ್ ಅಥವಾ ಕ್ಲ್ಯಾಂಪು, ಅದಕ್ಕೆ ಎರಡೆರಡು ನಟ್ಟು, ತಾಳುವ ಭಾರವನ್ನು ಮೈಮೇಲೆ ಮುದ್ರಿಸಿದ ಸರಪಳಿ ಮತ್ತು ಕೊಂಡಿಗಳು, ಇವುಗಳ ಜೊತೆಗೆ ಬೇರೊಂದು ಸಂಧಿಗೆ ಕಟ್ಟಿದ ತುಸು ಸಡಿಲವಾದ ಕಾವಲು ಸರಪಳಿ ಇರಬೇಕು. ಬಿಸಿಲಿಗೆ ಜೀರ್ಣವಾಗುವ ನೈಲಾನ್ ಹಗ್ಗಕ್ಕೂ ಬೈಂಡಿಂಗ್ ತಂತಿಗೂ ಇಲ್ಲಿ ಜಾಗವಿಲ್ಲ.

ಚೈನ್ ಪುಲ್ಲಿಯ ಮಾತು ಬೇರೆ. ಎತ್ತುವಾಗ ಬೀಳುವ ಜಗ್ಗುಗಳನ್ನು ತಗಡಿನ ಶೆಡ್ಡಿನ ಟ್ರಸ್ಸು ಹೊರುವುದಿಲ್ಲವೆಂದೇ ತಿಳಿದು, ಅದಕ್ಕೆ ನೆಲದ ಮೇಲೆ ನಿಲ್ಲುವ ಸ್ವತಂತ್ರ ಚೌಕಟ್ಟನ್ನು ಮಾಡಿಸಬೇಕು. ಎತ್ತುವ ಯಂತ್ರ, ಸರಪಳಿ, ಹಗ್ಗಗಳನ್ನು ಅರ್ಹ ವ್ಯಕ್ತಿಯಿಂದ ಹನ್ನೆರಡು ತಿಂಗಳಿಗೊಮ್ಮೆಯಾದರೂ ಪರೀಕ್ಷಿಸಬೇಕೆಂಬುದು 1948ರ ಕಾರ್ಖಾನೆಗಳ ಕಾಯ್ದೆಯ 29ನೆಯ ಕಲಮಿನಲ್ಲಿ ಮೂಡಿದ ನಿಯಮ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಂತಹ ಕಡೆ, ಆಳಕ್ಕೆ ಮನುಷ್ಯರನ್ನು ಇಳಿಸುವ ಹಗ್ಗವನ್ನು ಪ್ರತಿದಿನ ನೋಡುವುದು ಕಡ್ಡಾಯ. ಆ ಎಚ್ಚರದ ಒಂದು ಪಾಲಾದರೂ ಮೂಟೆ ಹೊತ್ತ ಹಮಾಲರು ದಿನವಿಡೀ ಓಡಾಡುವ ಶೆಡ್ಡುಗಳಿಗೆ ಬರಬೇಕು.

ಐವತ್ತು ಕಿಲೋ ಮೀರಿದ ಏನನ್ನಾದರೂ ಟ್ರಸ್ಸಿಗೆ ಏರಿಸುವ ಮುನ್ನ ಶೆಡ್ಡಿನ ಮಾಲೀಕರು ಅದರ ನಕ್ಷೆಯನ್ನು ಸಿವಿಲ್ ಎಂಜಿನಿಯರೊಬ್ಬರ ಮುಂದಿಟ್ಟು ಲೆಕ್ಕ ಹಾಕಿಸಬೇಕು. ನಕ್ಷೆಯೇ ಇಲ್ಲದ ಶೆಡ್ಡಾದರೆ, ಕಾಂಕ್ರೀಟಿನಲ್ಲಿ ಹೂತ ಎರಡು ಪೈಪುಗಳ ಮೇಲೆ ಫಲಕವನ್ನು ಬೇರೆಯಾಗಿಯೇ ನಿಲ್ಲಿಸಬೇಕು.