ಅಪ್ಪನ ಫಿಯಟ್ಟು, ಮಗನ ಪಡಿಪಾಟಲು!

ಒಂದು ಭಾನುವಾರದ ಮೆರವಣಿಗೆಗೆ ಹಳೇ ಕಾರಿನ ಯಜಮಾನ ತೆರುವ ಬೆಲೆ ಎಷ್ಟು ಗೊತ್ತೇ?

ಪೌರಾಣಿಕ ಚಿತ್ರಗಳನ್ನು ಬಿಟ್ಟುಬಿಡಿ. ಉಳಿದಂತೆ ಕಾರಿಲ್ಲದ ಸಿನಿಮಾ ಎಷ್ಟಿವೆ, ಬೆರಳು ಮಡಚಿ ಎಣಿಸಿ ನೋಡೋಣ! ವಿಲನ್ ಇಳಿಯೋದು ಉದ್ದನೆಯ ಇಂಪಾಲದಿಂದ. ಡಾಕ್ಟರು ಚೀಲ ಹಿಡಿದು ಬರೋದು ಫಿಯಟ್ಟಿನಲ್ಲಿ. ಪೊಲೀಸರು ಕೊನೇ ರೀಲಿನಲ್ಲಿ ಬರೋದು ಜೀಪಿನಲ್ಲಿ. ನಮ್ಮ ಶಂಕರ್‌ನಾಗ್ 1980ರಲ್ಲಿ 'ಮಿಂಚಿನ ಓಟ' ತೆಗೆದಾಗ ಕಾರು ಕದಿಯೋರ ಕಥೆಯನ್ನೇ ಹಿಡಿದರು. 1958ರ 'ಚಲ್ತಿ ಕಾ ನಾಮ್ ಗಾಡಿ'ಯಲ್ಲಿ ಕಿಶೋರ್ ಕುಮಾರ್ ಮತ್ತು ಅಣ್ಣಂದಿರ ಜೊತೆ ಸರಿಸಮ ನಟಿಸಿದ್ದು ಒಂದು ಡಕೋಟಾ ಕಾರು! ಇಂಗ್ಲೆಂಡಿನಲ್ಲಿ 1953ರಲ್ಲಿ ಬಂದ 'ಜೆನವೀವ್' ಅನ್ನೋ ಚಿತ್ರದ ಹೆಸರೂ ಕಾರಿನದೇ. ಅದು 1904ರ ಡಾರಾಕ್ ಕಾರು. ತಮಾಷೆ ಕೇಳಿ: ಅದರ ಹೀರೋ ಜಾನ್ ಗ್ರೆಗ್ಸನ್‌ಗೆ ಡ್ರೈವಿಂಗೇ ಬರ್ತಿರಲಿಲ್ಲವಂತೆ!

ತೆರೆಯ ಮೇಲೆ ಇವೆಲ್ಲ ಚೆಂದ. ಶೋ ಮುಗಿದ ಮೇಲೆ ಹೀರೋ ಮನೆಗೆ ಹೋಗ್ತಾನೆ. ಕಾರು ಎಲ್ಲಿಗೆ ಹೋಗುತ್ತೆ? ಯಾರದ್ದೋ ಶೆಡ್ಡಿಗೆ. ಆ ಶೆಡ್ಡಿನ ಯಜಮಾನನ ಕಥೆಯೇ ಈ ವಾರ ನಿಮ್ಮ ಮುಂದೆ.

ಎಲ್ಲರೂ ಮಹಾರಾಜರಲ್ಲ!

ಹಳೇ ಕಾರುಗಳ ರ‍್ಯಾಲಿ ನಮ್ಮ ದೇಶಕ್ಕೆ ಹೊಸತಲ್ಲ. ಡೆಲ್ಲಿಯಲ್ಲಿ 'ಸ್ಟೇಟ್ಸ್‌ಮನ್' ಪತ್ರಿಕೆಯವರು 1964ರಲ್ಲೇ ಶುರು ಮಾಡಿದರು. ನಮ್ಮಲ್ಲೂ ವಿಧಾನಸೌಧದ ಮುಂದೋ, ಅರಮನೆ ಮೈದಾನದಲ್ಲೋ, ಮೈಸೂರಿನಲ್ಲೋ ಆಗಾಗ ಹಳೇ ಕಾರುಗಳು ಸಾಲುಗಟ್ಟಿ ನಿಲ್ಲುತ್ತವೆ. ಹೋದವರೆಲ್ಲ ಮೊದಲು ಓಡೋದು ರೋಲ್ಸ್ ರಾಯ್ಸ್ ಕಡೆಗೆ. ಸಹಜ, ಅದರ ಗತ್ತೇ ಅಂಥದ್ದು! ಅಂಥ ಕಾರಿನ ಒಡೆಯರಿಗೆ ಲಾರಿ ಮೇಲೆ ಕಾರು ಹೊತ್ತು ತರಲು ಆಳುಕಾಳುಗಳಿದ್ದಾರೆ, ಸಂಬಳದ ಮೆಕ್ಯಾನಿಕ್ಕೂ ಇದ್ದಾನೆ.

ಆದರೆ ಅದೇ ಸಾಲಿನ ಕೊನೆಯಲ್ಲಿ, ಬೇವಿನ ಮರದ ನೆರಳಲ್ಲಿ, ಒಂದು 1965ರ ಫಿಯಟ್ ಡಿಲೈಟ್ ನಿಂತಿದೆ ಅಂತಿಟ್ಕೊಳ್ಳಿ. ಪಕ್ಕದಲ್ಲಿ ಮಡಿಚುವ ಕುರ್ಚಿ. ಅದರ ಮೇಲೆ ಒಬ್ಬ ರಿಟೈರ್ಡ್ ಗುಮಾಸ್ತರು, ಕೈಯಲ್ಲಿ ಹಳದಿ ಬಟ್ಟೆ. ಕಾರು ಅವರ ಅಪ್ಪ ಕೊಂಡದ್ದು. ಅದರಲ್ಲೇ ಅಕ್ಕನ ಮದುವೆಯ ದಿಬ್ಬಣ ಹೋಗಿತ್ತು, ಅದರಲ್ಲೇ ಅಪ್ಪನನ್ನು ಆಸ್ಪತ್ರೆಗೆ ಕರಕೊಂಡು ಹೋದದ್ದು. ಮಾರಲು ಮನಸ್ಸಿಲ್ಲ. ಇಟ್ಟುಕೊಳ್ಳಲು ಪೆನ್ಶನ್ ಸಾಲದು. ಇಂಥವರು ಒಂದು ಶೋಗೆ ಬರಬೇಕಾದರೆ ಏನೇನು ಆಗಬೇಕು? ಲೆಕ್ಕ ಹಾಕೋಣ ಬನ್ನಿ.

ತಿಂಗಳ ಮುಂಚೆಯೇ ಶುರು!

ನಿಂತ ಕಾರು ಕೆಡುವಷ್ಟು ಓಡುವ ಕಾರು ಕೆಡೋದಿಲ್ಲ. ಇದು ಗ್ಯಾರೇಜಿನವರು ಎಲ್ಲರೂ ಹೇಳೋ ಮಾತು. ಆರು ತಿಂಗಳು ಶೆಡ್ಡಿನಲ್ಲಿ ನಿಂತರೆ ಬ್ಯಾಟರಿ ಸತ್ತಿರುತ್ತೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಂಡು ವೀಲ್ ಸಿಲಿಂಡರು ಹಿಡಿದುಕೊಂಡಿರುತ್ತೆ. ಟೈರು ಸವೆಯದೇ ಇದ್ದರೂ ವಯಸ್ಸಾಗಿ ಬದಿಯಲ್ಲಿ ಬಿರುಕು ಬಿಟ್ಟಿರುತ್ತೆ. ನಾಲ್ಕು ಟೈರೂ ಹೊಸದಾಗಿರಬೇಕು, ಓಡೋದು ಮಾತ್ರ ವರ್ಷಕ್ಕೆ ನಾನೂರು ಕಿಲೋಮೀಟರು!

ಇನ್ನು ಪೆಟ್ರೋಲಿನ ಕಥೆ. ಹಿಂದೆ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ಹಳೇ ಎಂಜಿನ್ನುಗಳಲ್ಲಿ ಹಲವಕ್ಕೆ ವಾಲ್ವ್ ಕೂರುವ ಜಾಗ ಸವೆಯದಂತೆ ಕಾಯುತ್ತಿದ್ದದ್ದು ಅದೇ ಸೀಸ. ಅದು ಜನರ ಆರೋಗ್ಯಕ್ಕೆ ವಿಷ ಅಂತ 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ನಿಲ್ಲಿಸಿದರು. ಮಾಡಿದ್ದು ಸರಿಯೇ. ಆದರೆ ಅಂಥ ಎಂಜಿನ್ ಇದ್ದವರು ಹೆಡ್ ಬಿಚ್ಚಿಸಿ ಲೇತಿನಲ್ಲಿ ಗಟ್ಟಿ ಸೀಟು ಕೂರಿಸಬೇಕಾಯಿತು. ಆಮೇಲೆ ಬಂತು ಎಥೆನಾಲ್. ಈಗ ಬಂಕಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಅದೇ. ರೈತರಿಗೆ ಒಳ್ಳೆಯದಿರಬಹುದು, ಆದರೆ ಅದು ಹಳೇ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಪೊರೆ, ಕಾರ್ಬೊರೇಟರಿನ ವಾಷರುಗಳನ್ನು ಮೆತ್ತಗೆ ಮಾಡಿಬಿಡುತ್ತೆ. ನೀರನ್ನೂ ಎಳೆದುಕೊಂಡು ಟ್ಯಾಂಕಿಗೆ ತುಕ್ಕು ಹಿಡಿಸುತ್ತೆ. ಶೋಗೆ ಮುಂಚೆ ಟ್ಯಾಂಕ್ ತೊಳೆಸೋದು ಈಗ ಪ್ರತಿ ವರ್ಷದ ಹಬ್ಬ!

ಬಿಡಿ ಭಾಗ ಬೇಕಾದರೆ ಜೆ.ಸಿ. ರೋಡಿನಲ್ಲಿ ಅಂಗಡಿ ಅಂಗಡಿ ಸುತ್ತಬೇಕು. ಅಲ್ಲಿ ಸಿಗದಿದ್ದರೆ ಶಿವಾಜಿನಗರದ ಗುಜರಿ. ಅಲ್ಲೂ ಇಲ್ಲದಿದ್ದರೆ ಲೇತಿನವನನ್ನು ಕಾಡಿ ಬೇಡಿ ಹೊಸದಾಗಿ ಕಡೆಸಬೇಕು. ಕಡೆಯುವ ಕೈ ಪಳಗಿದ ಹಿರಿಯ ಮೇಸ್ತ್ರಿಗಳೂ ಈಗ ಕಮ್ಮಿ. ಹುಡುಗರು ಕಂಪ್ಯೂಟರ್ ಹಾಕಿ ರಿಪೇರಿ ಮಾಡುವ ಕಾರಿನ ಕಡೆ ಹೋದರು. ಕಾರ್ಬೊರೇಟರ್ ಸದ್ದು ಕೇಳಿ ಕಾಯಿಲೆ ಹೇಳೋರು ಯಾರಿದ್ದಾರೆ?

ಪೆಟ್ರೋಲ್ ಲೆಕ್ಕ ನೋಡಿ ಬೆವರಿಳಿಯುತ್ತೆ

ಬೆಂಗಳೂರಲ್ಲಿ ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ದಾಟಿದ್ದು 2021ರ ಜೂನ್‌ನಲ್ಲಿ. ಸುಲಭಕ್ಕೆ ನೂರೇ ಅಂತ ಹಿಡಿಯಿರಿ. ಬೆಂಗಳೂರಿಂದ ಮೈಸೂರಿಗೆ ಹೋಗಿ ಬರಲು ಸುಮಾರು 290 ಕಿಲೋಮೀಟರು. ಫಿಯಟ್ಟು ಲೀಟರಿಗೆ ಹನ್ನೆರಡು ಕೊಟ್ಟರೆ 24 ಲೀಟರು, ಅಂದರೆ 2,400 ರೂಪಾಯಿ. ಹಳೇ ಅಮೆರಿಕನ್ ದೊಡ್ಡ ಕಾರು ಲೀಟರಿಗೆ ಐದೇ ಕೊಟ್ಟರೆ 58 ಲೀಟರು, 5,800 ರೂಪಾಯಿ! ದಾರಿಯಲ್ಲಿ ಕೆಟ್ಟರೆ ನೋಡಿಕೊಳ್ಳಲು ಜೊತೆಗೆ ಮೇಸ್ತ್ರಿ ಬೇಕು, ಅವನ ದಿನಗೂಲಿ, ಊಟ. ರಾತ್ರಿ ಉಳಿದರೆ ಲಾಡ್ಜು. ಕೆಲವು ಕಡೆ ಪ್ರವೇಶ ಶುಲ್ಕ ಬೇರೆ. ಏರು ಹತ್ತುವಾಗ ಎಂಜಿನ್ ಕಾದು, ಪೆಟ್ರೋಲು ಪೈಪಿನಲ್ಲೇ ಆವಿಯಾಗಿ ಗಾಡಿ ನಿಂತರೆ, ಲಾರಿ ಮೇಲೆ ಹೇರಿಸಿ ತರುವ ಖರ್ಚು ಇವೆಲ್ಲಕ್ಕಿಂತ ಜಾಸ್ತಿ.

ಇಷ್ಟೆಲ್ಲ ಆಗಿ ಸಿಗೋದೇನು? ಗೆದ್ದರೆ ಒಂದು ಕಪ್ಪು. ಗೆಲ್ಲದಿದ್ದರೆ ಒಂದು ಸರ್ಟಿಫಿಕೇಟು, ಒಂದು ತಿಂಡಿ ಪೊಟ್ಟಣ. ಮನೆಯಲ್ಲಿ ಯಜಮಾನಿತಿಯ ಮಾತು: "ರೀ, ಆ ದುಡ್ಡಲ್ಲಿ ಅಡುಗೆಮನೆಗೆ ಸುಣ್ಣ ಹೊಡೆಸಬಹುದಿತ್ತು!"

ಕಾನೂನಿನ ಕಣ್ಣಲ್ಲಿ

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಹಳೇ ವಾಹನಗಳಿಗೆಂದೇ ನಿಯಮ ತಂದಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ ಗಾಡಿಗೆ 'ವಿಂಟೇಜ್' ಮಾನ್ಯತೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಹತ್ತು ವರ್ಷ ನಡೆಯುತ್ತೆ, ಆಮೇಲೆ ನವೀಕರಣಕ್ಕೆ 5,000. ಹೊಸ ನಂಬರಿನಲ್ಲಿ 'ವಿ.ಎ.' ಅನ್ನೋ ಅಕ್ಷರ. ಮೊದಲೇ ನೋಂದಣಿಯಾದ ಗಾಡಿ ತನ್ನ ಹಳೇ ನಂಬರನ್ನು ಉಳಿಸಿಕೊಳ್ಳಬಹುದು. 'ಎಂ.ವೈ.' ಅಂತ ಶುರುವಾಗೋ ಮೈಸೂರು ರಾಜ್ಯದ ಕಾಲದ ನಂಬರು ಇದ್ದವರಿಗೆ ಇದೇ ದೊಡ್ಡ ಸಮಾಧಾನ!

ಆದರೆ ಒಂದು ಕೊಕ್ಕೆ ಇದೆ. ವಿಂಟೇಜ್ ಅನ್ನಿಸಿಕೊಂಡ ಗಾಡಿಯನ್ನು ದಿನನಿತ್ಯ ರಸ್ತೆಗೆ ತರುವಂತಿಲ್ಲ. ರ‍್ಯಾಲಿ, ಪ್ರದರ್ಶನ, ಪೆಟ್ರೋಲ್ ತುಂಬಿಸೋದು, ರಿಪೇರಿ, ಇಂಥವಕ್ಕೆ ಮಾತ್ರ. ಅಂದಮೇಲೆ ಶೋ ಅನ್ನೋದು ಆ ಕಾರಿಗೆ ಬರೀ ಶೋಕಿಯಲ್ಲ, ಉಸಿರಾಡೋ ಕಿಟಕಿ! ಆ ಕಿಟಕಿಯೇ ದುಬಾರಿಯಾದರೆ?

ಇನ್ನೊಂದು ಷರತ್ತು: ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ನಮ್ಮಲ್ಲಿ ಎಷ್ಟೋ ಫಿಯಟ್ಟು, ಅಂಬಾಸಿಡರುಗಳಿಗೆ ಟ್ಯಾಕ್ಸಿ ಓಡಿಸುವ ಕಾಲದಲ್ಲಿ ಡೀಸೆಲ್ ಎಂಜಿನ್ ಕೂರಿಸಿಬಿಟ್ಟಿದ್ದಾರೆ. ಅಂಥ ಕಾರು ಎಷ್ಟೇ ಹಳೆಯದಾದರೂ ಈ ಬಾಗಿಲು ದಾಟೋದು ಕಷ್ಟ. ವಿಂಟೇಜ್ ಬೇಡ, ಮಾಮೂಲಿ ನೋಂದಣಿಯಲ್ಲೇ ಇರ್ತೀನಿ ಅಂದರೋ, ಹದಿನೈದು ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000ಕ್ಕೆ ಹಾರಿತು. ಇಪ್ಪತ್ತು ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಲ್ಲಿ 10,000 ಆಯಿತು. ಆ ಕಡೆ ದರಿ, ಈ ಕಡೆ ಹುಲಿ!

ಸಿನಿಮಾದವರು ಕೊಡೋ ಬಾಡಿಗೆ?

'ಸಿನಿಮಾಗೆ ಬಾಡಿಗೆ ಕೊಟ್ಟು ಸಂಪಾದಿಸಬಹುದಲ್ಲ?' ಅಂತ ನೀವು ಕೇಳಬಹುದು. ಹೌದು, ಹಿಂದಿನ ಕಾಲದ ಕಥೆ ತೆಗೆಯೋರಿಗೆ ಹಳೇ ಕಾರು ಬೇಕೇ ಬೇಕು. 1970-80ರ ರಸ್ತೆ ತೋರಿಸಬೇಕಾದರೆ ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತುಹೋಗಿದೆ, ಕಾರ್ಖಾನೆಯಿಂದ ತರೋ ಹಾಗಿಲ್ಲ! ಆದರೆ ಶೂಟಿಂಗ್ ಅಂದರೆ ಒಂದೇ ಶಾಟಿಗೆ ಹತ್ತು ಟೇಕು. ಸ್ಟಾರ್ಟ್ ಮಾಡು, ನಿಲ್ಲಿಸು, ರಿವರ್ಸ್ ತಗೋ, ಮತ್ತೆ ಬಾ. ಕ್ಲಚ್ ಸುಟ್ಟು ವಾಸನೆ ಬರುತ್ತೆ. ಬಾನೆಟ್ ಮೇಲೆ ಕ್ಯಾಮೆರಾ ಕಟ್ಟಿದರೆ ಬಣ್ಣ ಕಿತ್ತು ಬರುತ್ತೆ. ಹೊಸ ನಟನಿಗೆ ಸ್ಟೀರಿಂಗ್ ಪಕ್ಕದ ಗೇರು ಗೊತ್ತೇ ಇರೋದಿಲ್ಲ. ದಿನದ ಬಾಡಿಗೆಗಿಂತ ಆಮೇಲಿನ ಟಿಂಕರಿಂಗ್ ಬಿಲ್ಲೇ ಉದ್ದವಾಗೋ ಅಪಾಯ ಇದೆ. ಹೀಗಾಗಿ ಅಪ್ಪನ ಕಾರನ್ನು ಜೀವದಂತೆ ನೋಡಿಕೊಳ್ಳೋರು ಕೈ ಮುಗಿದು 'ಬೇಡ' ಅಂತಾರೆ.

ಥಳಥಳ ಹೊಳೆದರೇ ಚೆಂದವೇ?

'ಹಣವಂತರ ಹವ್ಯಾಸ, ನಮಗೇನು?' ಅನ್ನೋರೂ ಇದ್ದಾರೆ. ಅವರ ಮಾತಲ್ಲಿ ಅರ್ಧ ನಿಜವಿದೆ. ಕೋಟಿ ಸುರಿದು ಹೊಳಪು ಕೊಡಿಸಿದ ಕಾರುಗಳ ನಡುವೆ ಗುಮಾಸ್ತರ ಫಿಯಟ್ಟಿಗೆ ಬಹುಮಾನ ಎಲ್ಲಿಂದ ಬರಬೇಕು? ಆದರೆ ಗಾಳಿ ಬೇರೆ ಕಡೆಗೂ ಬೀಸುತ್ತಿದೆ. ಅಮೆರಿಕದ ಪೆಬಲ್ ಬೀಚ್‌ನಲ್ಲಿ 1950ರಿಂದ ನಡೆಯುವ ಕಾರುಗಳ ಸೌಂದರ್ಯ ಸ್ಪರ್ಧೆ ಜಗತ್ಪ್ರಸಿದ್ಧ. 2024ರಲ್ಲಿ ಅಲ್ಲಿನ ಪರಮೋಚ್ಚ ಬಹುಮಾನ ಗೆದ್ದದ್ದು 1934ರ ಒಂದು ಬುಗಾಟಿ. ಹೊಸದಾಗಿ ಬಣ್ಣ ಬಳಿಸಿದ್ದಲ್ಲ, ಕಾಲ ಮಾಡಿದ ಗಾಯಗಳನ್ನು ಹಾಗೇ ಉಳಿಸಿಕೊಂಡದ್ದು! ಅಂಥ ಕಾರು ಅಲ್ಲಿ ಗೆದ್ದದ್ದು ಅದೇ ಮೊದಲು.

ನಮ್ಮ ಶೋಗಳೂ ಇದನ್ನು ಕಲಿಯಬೇಕು. ಒಂದೇ ಮನೆತನದಲ್ಲಿ ಉಳಿದ ಕಾರಿಗೊಂದು ವಿಭಾಗ, ಬಣ್ಣ ಮಾಸಿದರೂ ಮೂಲದಂತಿರುವ ಕಾರಿಗೊಂದು ಬಹುಮಾನ ಇಡಲಿ. ಫಿಯಟ್ಟು, ಹೆರಾಲ್ಡು, ಅಂಬಾಸಿಡರಿನವರಿಂದ ಪ್ರವೇಶ ಶುಲ್ಕ ತಗೋಬೇಡಿ. ದೂರದ ಊರಿಂದ ಬಂದವರಿಗೆ ಕಪ್ಪಿನ ಬದಲು ಎರಡು ಕ್ಯಾನ್ ಪೆಟ್ರೋಲ್ ಕೊಟ್ಟರೆ ಬೇಡ ಅನ್ನೋರು ಯಾರು? ಧರ್ಮಸ್ಥಳದ ಕಾರ್ ಮ್ಯೂಸಿಯಂ, ಶ್ರೀರಂಗಪಟ್ಟಣದ ಬಳಿಯ 'ಪಯಣ' ನೋಡಿ ಬನ್ನಿ, ಕಣ್ಣಿಗೆ ಹಬ್ಬ. ಆದರೆ ಮ್ಯೂಸಿಯಂ ಎಲ್ಲ ಫಿಯಟ್ಟುಗಳನ್ನೂ ಸಾಕೋಕಾಗೋದಿಲ್ಲ. ಅವು ಉಳಿಯೋದು ಮನೆ ಮನೆಯ ಶೆಡ್ಡಿನಲ್ಲಿ.

ನಿಮಗೊಂದು ಮಾತು

ಮಿತ್ರರೇ, ಋತ್ವಿಕ್ ಘಟಕ್ 1958ರಲ್ಲಿ ತೆಗೆದ 'ಅಜಾಂತ್ರಿಕ್' ಅನ್ನೋ ಬಂಗಾಳಿ ಚಿತ್ರ ಸಿಕ್ಕರೆ ಬಿಡಬೇಡಿ. ಬಿಮಲ್ ಅನ್ನೋ ಡ್ರೈವರು, ಅವನ ಲಟಾರಿ ಷೆವ್ರೊಲೆ, ಅದಕ್ಕೊಂದು ಹೆಸರು: ಜಗದ್ದಲ್. ಊರೆಲ್ಲ ನಗುತ್ತೆ, ಅವನು ಮಾತ್ರ ಅದರ ಜೊತೆ ಮಾತಾಡ್ತಾನೆ. ಇದ್ದಬದ್ದ ದುಡ್ಡು ಸುರಿದು ರಿಪೇರಿ ಮಾಡಿಸ್ತಾನೆ. ಕೊನೆಗೆ ಕಾರು ಗುಜರಿಯವನ ಗಾಡಿ ಏರುತ್ತೆ. ಆ ಚಿತ್ರ ನೋಡಿದ ಮೇಲೆ ಬೇವಿನ ಮರದ ಕೆಳಗಿನ ಯಜಮಾನರ ಮುಖ ನಿಮಗೆ ಬೇರೆಯಾಗಿಯೇ ಕಾಣುತ್ತೆ.

ಮುಂದಿನ ಸಲ ಶೋಗೆ ಹೋದಾಗ ಬಾನೆಟ್ ಮೇಲೆ ಕೂತು ಫೋಟೋ ಹೊಡೆಸ್ಕೋಬೇಡಿ. ಬಾಗಿಲು ಎಳೀಬೇಡಿ. ಬೆಲ್ಟಿನ ಬಕಲ್ ತಾಗಿದರೂ ಗೀರು ಬೀಳುತ್ತೆ. 'ಅಂಕಲ್, ಎಷ್ಟು ಮೈಲೇಜ್ ಕೊಡುತ್ತೆ? ಎಷ್ಟಕ್ಕೆ ಮಾರ್ತೀರಿ?' ಅಂತ ಕೇಳಬೇಡಿ, ಬೆಳಗ್ಗಿಂದ ಅದನ್ನೇ ನೂರು ಜನ ಕೇಳಿರ್ತಾರೆ. 'ಈ ಕಾರನ್ನ ಮೊದಲು ಯಾರು ತಂದ್ರು ಸಾರ್?' ಅಂತ ಕೇಳಿ ನೋಡಿ. ಆ ಮುಖ ಅರಳೋದನ್ನು ನೋಡಿ. ಕೈಲಾದರೆ ಹೊರಡುವಾಗ ಹಿಂದಿನಿಂದ ಒಂದು ಕೈ ಹಾಕಿ ತಳ್ಳಿ. ಸೆಲ್ಫ್ ಹಿಡಿಯದಿದ್ದರೆ ಅವರಿಗೆ ಬೇಕಾಗಿರೋದು ಅದೇ!