ಬಾದಾಮಿ ಕೇಕಿನ ನೀರಿನ ಲೆಕ್ಕ

ಸಿಡ್ನಿ, ಮೆಲ್ಬರ್ನ್ ಕಡೆಯ ಕೆಫೆಗಳಲ್ಲಿ ಕಾಫಿ ಹೇಳುವಾಗ ಕೌಂಟರಿನ ಗಾಜಿನ ಪೆಟ್ಟಿಗೆಯತ್ತ ಕಣ್ಣು ಹಾಯಿಸಿದರೆ ಅಂಗೈಯೊಳಗೆ ಹಿಡಿಯುವಷ್ಟು ಪುಟ್ಟ, ಅಂಡಾಕಾರದ ಕೇಕುಗಳು ಕಾಣುತ್ತವೆ. ಅಂಚು ಕಂದು, ನಡುವೆ ಸಣ್ಣ ಉಬ್ಬು, ಉಬ್ಬಿನ ಮೇಲೆ ಸಿಡಿದು ರಸ ಬಿಟ್ಟ ರಾಸ್ಪ್‌ಬೆರಿಯೋ ಬ್ಲೂಬೆರಿಯೋ, ಅದರ ಮೇಲೆ ಉದುರಿಸಿದ ಸಕ್ಕರೆ ಪುಡಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಇದನ್ನು ಫ್ರಿಯಾಂಡ್ ಎಂದು ಕರೆಯುತ್ತಾರೆ. ಅಲ್ಲಿಗೆ ಹೋಗಿ ನೆಲೆಸಿರುವ ನಮ್ಮವರು ರಜೆಗೆ ಊರಿಗೆ ಬಂದಾಗ ಇದನ್ನು ಹೊಗಳುವುದನ್ನು ನೀವೂ ಕೇಳಿರಬಹುದು.

ಇದರ ತವರು ಮಾತ್ರ ಫ್ರಾನ್ಸ್. ಲೊರೇನ್ ಪ್ರಾಂತ್ಯದ ನಾನ್ಸಿ ಊರಿನ ಸಂನ್ಯಾಸಿನಿಯರು 17ನೇ ಶತಮಾನದಲ್ಲಿ ಮೊಟ್ಟೆಯ ಬಿಳಿ ಮತ್ತು ಬಾದಾಮಿಯಿಂದ ಇಂಥದೊಂದು ಕೇಕ್ ಮಾಡುತ್ತಿದ್ದರು ಎಂಬುದು ಅಲ್ಲಿನ ಬೇಕರಿ ಲೋಕದಲ್ಲಿ ಪ್ರಚಲಿತವಾದ ಮಾತು. 19ನೇ ಶತಮಾನದ ಕೊನೆಯಲ್ಲಿ ಪ್ಯಾರಿಸ್ಸಿನ ಷೇರುಪೇಟೆಯ ಆಸುಪಾಸಿನಲ್ಲಿ ಅಂಗಡಿ ಇಟ್ಟಿದ್ದ ಒಬ್ಬ ಬೇಕರಿಯವರು ಅದಕ್ಕೆ ಚಿನ್ನದ ಗಟ್ಟಿಯ ಆಕಾರ ಕೊಟ್ಟು, ದಲ್ಲಾಳಿಗಳು ಕೈ ಜಿಡ್ಡಾಗದಂತೆ ತಿನ್ನಲು ಅನುಕೂಲ ಮಾಡಿದರಂತೆ. ಅದೇ ಫಿನಾನ್ಸಿಯೇ. ಆ ಕೇಕು ಕಡಲು ದಾಟಿದ ಮೇಲೆ ಅಂಡಾಕಾರಕ್ಕೆ ತಿರುಗಿತು, ತಲೆಯ ಮೇಲೆ ಹಣ್ಣನ್ನೂ ಹೊತ್ತಿತು.

ಮಾಡುವುದೇನೋ ಸುಲಭ. ಬೇಕಿಂಗ್ ಪೌಡರ್ ಬೇಡ, ಬೆಣ್ಣೆ ಸಕ್ಕರೆ ಸೇರಿಸಿ ಅರ್ಧ ಗಂಟೆ ಬೀಟ್ ಮಾಡುವ ಕೆಲಸವಿಲ್ಲ, ಒಂದು ಪಾತ್ರೆ, ಒಂದು ಸೌಟು ಸಾಕು. ಆದರೂ ಕೆಡುತ್ತದೆ. ಕೆಲವೊಮ್ಮೆ ನಡುವೆ ಹಸಿಹಸಿ, ಕೆಲವೊಮ್ಮೆ ಜಿಡ್ಡು, ಕೆಲವೊಮ್ಮೆ ತಳ ಅಂಟಿ ಅರ್ಧ ಟ್ರೇಯಲ್ಲೇ ಉಳಿಯುತ್ತದೆ. ಈ ತೊಂದರೆಗಳಲ್ಲಿ ಹೆಚ್ಚಿನವುಗಳ ಬೇರು ಒಂದೇ: ನೀರು. ಹಿಟ್ಟಿನೊಳಗೆ ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವಾಗ ಹೊರಗೆ ಹೋಗುತ್ತದೆ ಎಂಬ ಲೆಕ್ಕ ಹಿಡಿದರೆ ಈ ಕೇಕು ಕೈಗೆ ಒಗ್ಗುತ್ತದೆ.

ಆರು ಕೇಕಿಗೆ ಬೇಕಾದದ್ದು

ಮೊಟ್ಟೆಯ ಬಿಳಿ 90 ಗ್ರಾಂ (ಸುಮಾರು 3 ಮೊಟ್ಟೆ)
ಉಪ್ಪಿಲ್ಲದ ಬೆಣ್ಣೆ 100 ಗ್ರಾಂ
ಬಾದಾಮಿ ಪುಡಿ 60 ಗ್ರಾಂ
ನುಣ್ಣಗಿನ ಸಕ್ಕರೆ ಪುಡಿ 120 ಗ್ರಾಂ
ಮೈದಾ 40 ಗ್ರಾಂ
ಹಣ್ಣು 60 ಗ್ರಾಂ
ಒಂದು ನಿಂಬೆಹಣ್ಣಿನ ಸಿಪ್ಪೆಯ ತುರಿ, ಚಿಟಿಕೆ ಉಪ್ಪು

ಇದನ್ನು ಕಪ್ಪಿನಲ್ಲಿ ಅಳೆಯುವುದಕ್ಕಿಂತ ತೂಗುವುದು ಒಳ್ಳೆಯದು. ಮೊಟ್ಟೆಯ ಗಾತ್ರ ಒಂದೊಂದೂ ಬೇರೆ, ಬಾದಾಮಿ ಪುಡಿಯನ್ನು ಅದುಮಿ ತುಂಬಿದರೆ ಕಪ್ಪಿನ ಲೆಕ್ಕವೇ ತಪ್ಪುತ್ತದೆ.

ಈಗ ನೀರಿನ ಕಡೆ ನೋಡಿ. ಮೊಟ್ಟೆಯ ಬಿಳಿಯಲ್ಲಿ ಹತ್ತಿರ ಹತ್ತಿರ ಶೇ 90ರಷ್ಟು ನೀರೇ. ಅಂದರೆ ಇಲ್ಲಿ 80 ಗ್ರಾಂ. ಅಂಗಡಿಯ ಬೆಣ್ಣೆಯಲ್ಲಿ ಶೇ 16ರಷ್ಟು. 60 ಗ್ರಾಂ ಹಣ್ಣಿನಲ್ಲಿ 50 ಗ್ರಾಂಗೂ ಮೇಲೆ. ಒಣ ಸಾಮಗ್ರಿ ಎಲ್ಲ ಸೇರಿ 220 ಗ್ರಾಂ, ಅದರಲ್ಲೂ ಅರ್ಧಕ್ಕಿಂತ ಹೆಚ್ಚು ನೀರಿನಲ್ಲಿ ಕರಗಿಹೋಗುವ ಸಕ್ಕರೆ. ಹಣ್ಣು ಅಲಂಕಾರಕ್ಕಷ್ಟೇ ಎಂದು ಕೈತುಂಬ ಹಾಕಿದಾಗ ಕೇಕು ಯಾಕೆ ಬೇಯುವುದಿಲ್ಲ ಎನ್ನುವುದು ಇಲ್ಲೇ ತಿಳಿಯುತ್ತದೆ.

ಬೆಣ್ಣೆ: ನೀರು ಹೋದ ಮೇಲೆ ಬರುವ ಪರಿಮಳ

ದಪ್ಪ ತಳದ ಪಾತ್ರೆಯಲ್ಲಿ ಬೆಣ್ಣೆ ಹಾಕಿ ಮಧ್ಯಮ ಉರಿಯಲ್ಲಿ ಕಾಯಿಸಿ. ಪಾತ್ರೆಯ ಒಳಬಣ್ಣ ಕಪ್ಪಾಗಿರದಿದ್ದರೆ ಒಳ್ಳೆಯದು, ಬಣ್ಣ ಬದಲಾಗುವುದು ಕಾಣಬೇಕು. ಬೆಣ್ಣೆ ಕರಗಿ, ಬಿಳಿ ನೊರೆ ಏಳುತ್ತದೆ, ಚಟಪಟ ಸದ್ದು ಶುರುವಾಗುತ್ತದೆ. ಆ ಸದ್ದು ನೀರಿನದು. ನೀರು ಇರುವಷ್ಟು ಹೊತ್ತು ಬೆಣ್ಣೆಯ ಬಿಸಿ 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ನಿಂತಿರುತ್ತದೆ, ಏನೂ ಕೆಂಪಾಗುವುದಿಲ್ಲ. ಸದ್ದು ಇಳಿಯುತ್ತಿದ್ದಂತೆ ಎಚ್ಚರವಾಗಿ. ನೊರೆ ಸಣ್ಣಗಾಗಿ, ಅದರಡಿಯ ಬಿಳಿ ಚೂರುಗಳು ಮೊದಲು ಹೊಂಬಣ್ಣಕ್ಕೆ, ಹಿಂದೆಯೇ ಕಂದು ಬಣ್ಣಕ್ಕೆ ತಿರುಗುತ್ತವೆ. ಹುರಿದ ಬೀಜದ ವಾಸನೆ ಏಳುತ್ತದೆ. ಹಾಲಿನ ಪ್ರೋಟೀನ್ ಮತ್ತು ಹಾಲಿನ ಸಕ್ಕರೆ ಬಿಸಿಗೆ ಸೇರಿ ಹೀಗೆ ಬಣ್ಣ, ಪರಿಮಳ ಪಡೆಯುವ ಕ್ರಿಯೆಯನ್ನು ಫ್ರೆಂಚ್ ವಿಜ್ಞಾನಿ ಲೂಯಿ ಕಮಿ ಮಯಾರ್ 1912ರಲ್ಲಿ ವಿವರಿಸಿದರು. ಈ ಹಂತದಿಂದ ಸುಟ್ಟು ಕರಿಯಾಗುವುದಕ್ಕೆ ಹೆಚ್ಚು ಹೊತ್ತು ಬೇಡ. ತಕ್ಷಣ ಇನ್ನೊಂದು ಪಾತ್ರೆಗೆ ಬಗ್ಗಿಸಿ.

ಮನೆಯಲ್ಲಿ ತುಪ್ಪ ಕಾಯಿಸುವವರಿಗೆ ಇದು ಹೊಸ ವಿದ್ಯೆಯಲ್ಲ. ವ್ಯತ್ಯಾಸ ಒಂದೇ: ತುಪ್ಪವಾದರೆ ಸೋಸಿ ಗಸಿ ತೆಗೆಯುತ್ತೇವೆ, ಇಲ್ಲಿ ಆ ಕಂದು ಗಸಿಯೇ ಮುಖ್ಯ. ಪಾತ್ರೆಯನ್ನು ಕೆರೆದು ಅಷ್ಟನ್ನೂ ಹಾಕಬೇಕು. ನೂರು ಗ್ರಾಂ ಬೆಣ್ಣೆ ಕಾಯಿಸಿದ ಮೇಲೆ 80ರಿಂದ 85 ಗ್ರಾಂ ಉಳಿಯುತ್ತದೆ. ಮೊಸರು ಕಡೆದು ತೆಗೆದ ಮನೆಯ ಬೆಣ್ಣೆಯಲ್ಲಿ ನೀರು, ಮಜ್ಜಿಗೆ ಎರಡೂ ಹೆಚ್ಚು. ಅದನ್ನು ಬಳಸುವುದಾದರೆ ಸ್ವಲ್ಪ ಹೆಚ್ಚಿಗೆ ತೆಗೆದುಕೊಂಡು, ಕಾಯಿಸಿದ ಮೇಲೆ ತೂಗಿ 80 ಗ್ರಾಂ ಹಾಕಿ. ಡಬ್ಬಿಯ ತುಪ್ಪ ಹಾಕಿದರೂ ಕೇಕು ಆಗುತ್ತದೆ, ಆದರೆ ಗಸಿಯ ಆ ಹುರಿದ ರುಚಿ ಬರುವುದಿಲ್ಲ.

ಬಾದಾಮಿ, ಸಕ್ಕರೆ, ಬಿಳಿ

ಬಾದಾಮಿಯಲ್ಲಿ ಅರ್ಧದಷ್ಟು ಎಣ್ಣೆ, ಐದರಲ್ಲೊಂದು ಪಾಲು ಪ್ರೋಟೀನ್. ಗ್ಲುಟೆನ್ ಇಲ್ಲವೇ ಇಲ್ಲ. ಮೈದಾ ಹೆಚ್ಚಿರುವ ಕೇಕು ಕಲಸಿದಷ್ಟೂ ಜಿಗುಟಾಗುತ್ತದೆ. ಇಲ್ಲಿ ಆ ಭಯ ಕಡಿಮೆ. ಬಾದಾಮಿಯ ಎಣ್ಣೆಯೇ ಕೇಕನ್ನು ಮರುದಿನವೂ ಮೆತ್ತಗೆ ಇಡುತ್ತದೆ. ಮೈದಾ ಇರುವುದು ಬಿಡಿಬಿಡಿ ಆಗದಂತೆ ಹಿಡಿದಿಡಲು ಮಾತ್ರ. ಗೋಧಿ ಆಗದವರು ಅದರ ಬದಲು 30 ಗ್ರಾಂ ಕಾರ್ನ್‌ಫ್ಲೋರ್ ಹಾಕಿಕೊಳ್ಳಬಹುದು.

ಪುಡಿ ಮನೆಯಲ್ಲೇ ಮಾಡುವಾಗ ಬಾದಾಮಿಯನ್ನು ಕುದಿಯುವ ನೀರಲ್ಲಿ ಒಂದು ನಿಮಿಷ ಬಿಟ್ಟು ಸಿಪ್ಪೆ ಜಾರಿಸಿ, ಬಟ್ಟೆಯ ಮೇಲೆ ಹರಡಿ ಪೂರ್ತಿ ಒಣಗಿಸಿ. ಒಳಗೆ ತೇವ ಉಳಿದರೆ ಪುಡಿಯ ಬದಲು ಮುದ್ದೆ ಸಿಗುತ್ತದೆ. ಸಿಪ್ಪೆಯೊಂದಿಗೇ ಪುಡಿ ಮಾಡಿದರೂ ತೊಂದರೆಯಿಲ್ಲ, ಬಣ್ಣ ಮಾತ್ರ ಕಂದಾಗುತ್ತದೆ. ಮಿಕ್ಸಿಯನ್ನು ಒಂದೇ ಸಮನೆ ಓಡಿಸಿದರೆ ಜಾರು ಬಿಸಿಯಾಗಿ ಬಾದಾಮಿ ಎಣ್ಣೆ ಬಿಡುತ್ತದೆ, ಆಗ ಕೇಕು ಜಿಡ್ಡಾಗುತ್ತದೆ. ಅಳತೆಯ ಸಕ್ಕರೆಯಲ್ಲಿ ಒಂದಿಷ್ಟನ್ನು ಜೊತೆಗೇ ಹಾಕಿ, ಬಿಟ್ಟು ಬಿಟ್ಟು ತಿರುಗಿಸಿ. ಜರಡಿಯಲ್ಲಿ ಉಳಿದ ತರಿಯನ್ನು ಎಸೆಯಬೇಡಿ, ಕೇಕಿನ ಮೇಲೆ ಉದುರಿಸಲು ಬರುತ್ತದೆ.

ಸಕ್ಕರೆ 120 ಗ್ರಾಂ ಎಂದ ಕೂಡಲೇ ಕೈ ಹಿಂದೆ ಸರಿಯುವುದು ಸಹಜ. ಸಿಹಿಯ ಹೊರತಾಗಿ ಅದಕ್ಕೆ ಇನ್ನೆರಡು ಕೆಲಸಗಳಿವೆ. ಒಂದು, ನೀರನ್ನು ಹಿಡಿದಿಟ್ಟುಕೊಂಡು ಕೇಕು ಒಣಗದಂತೆ ನೋಡಿಕೊಳ್ಳುವುದು. ಎರಡು, ಮೊಟ್ಟೆಯ ಪ್ರೋಟೀನ್ ಬೇಗ ಗಟ್ಟಿಯಾಗದಂತೆ ತಡೆದು, ಒಳಗಿನ ಆವಿ ಕೇಕನ್ನು ಮೇಲೆತ್ತುವವರೆಗೆ ಸಮಯ ಕೊಡುವುದು. ಸ್ವಲ್ಪ ಕಡಿಮೆ ಮಾಡಿಕೊಳ್ಳಿ, 100 ಗ್ರಾಂಗಿಂತ ಕೆಳಗೆ ಮಾತ್ರ ಇಳಿಸಬೇಡಿ, ಕೇಕು ಒರಟಾಗುತ್ತದೆ.

ಈ ಕೇಕಿನ ಎಲುಬು ಮೊಟ್ಟೆಯ ಬಿಳಿ. ಅದರ ನೀರು ಓವನ್ನಿನಲ್ಲಿ ಆವಿಯಾಗಿ ಹಿಟ್ಟನ್ನು ಉಬ್ಬಿಸುತ್ತದೆ, ಅದರ ಪ್ರೋಟೀನ್ ಗಟ್ಟಿಯಾಗಿ ಉಬ್ಬಿದ್ದನ್ನು ನಿಲ್ಲಿಸುತ್ತದೆ. ಹಾಗಾಗಿ ಮೊಟ್ಟೆ ತಿನ್ನದವರು ಇದರಲ್ಲಿ ಬಿಳಿಯ ಬದಲು ಹಾಲೋ ಮೊಸರೋ ಹಾಕಿದರೆ ನಿಲ್ಲುವುದಿಲ್ಲ. ಮೈದಾ ಹೆಚ್ಚಿಸಿ, ಬೇಕಿಂಗ್ ಪೌಡರ್ ಸೇರಿಸಬೇಕಾಗುತ್ತದೆ. ಆಗ ಅದು ಬೇರೆಯದೇ ಬಾದಾಮಿ ಕೇಕು, ಅದರ ಅಳತೆಯೇ ಬೇರೆ.

ಕಲಸುವುದು

ಬಾದಾಮಿ ಪುಡಿ, ಸಕ್ಕರೆ, ಮೈದಾ, ಉಪ್ಪು ಎಲ್ಲ ಜರಡಿ ಹಿಡಿದು ನಿಂಬೆ ತುರಿ ಸೇರಿಸಿ. ಬಿಳಿಯನ್ನು ಫೋರ್ಕಿನಿಂದ ನೊರೆ ಕಾಣುವಷ್ಟು ಮಾತ್ರ ಕಲಕಿ. ಗಟ್ಟಿ ನೊರೆ ಬರುವಂತೆ ಬೀಟ್ ಮಾಡಿದರೆ ಕೇಕು ಓವನ್ನಿನಲ್ಲಿ ಜೋರಾಗಿ ಉಬ್ಬಿ ಹೊರಗೆ ಬಂದ ಮೇಲೆ ಕುಸಿಯುತ್ತದೆ. ಬಿಳಿಯನ್ನು ಒಣ ಪುಡಿಗೆ ಹಾಕಿ ಕಲಸಿ, ಆಮೇಲೆ ಬೆಣ್ಣೆಯನ್ನು ಸಣ್ಣ ಧಾರೆಯಲ್ಲಿ ಬಿಡುತ್ತ ತಿರುಗಿಸಿ. ಬೆಣ್ಣೆ ಬೆರಳು ತಡೆಯುವಷ್ಟು ಬೆಚ್ಚಗಿರಬೇಕು. ಮೊಟ್ಟೆಯ ಬಿಳಿ 60 ಡಿಗ್ರಿ ದಾಟುತ್ತಿದ್ದಂತೆ ಗಟ್ಟಿಯಾಗತೊಡಗುತ್ತದೆ, ಸುಡುವ ಬೆಣ್ಣೆ ಸುರಿದರೆ ಹಿಟ್ಟಿನಲ್ಲೇ ಬೆಂದ ಎಳೆಗಳು ಕಾಣುತ್ತವೆ. ಎಲ್ಲ ಕೂಡಿದಾಗ ಹಿಟ್ಟು ಹೊಳೆಯಬೇಕು, ಅಂಚಿನಲ್ಲಿ ಬೆಣ್ಣೆ ಬೇರೆಯಾಗಿ ನಿಲ್ಲಬಾರದು.

ಮುಚ್ಚಿ ಫ್ರಿಜ್ಜಿನಲ್ಲಿ ಒಂದು ಗಂಟೆ ಇಡಿ. ರಾತ್ರಿಯಿಡೀ ಇಟ್ಟರೂ ಸರಿ. ಈ ಹೊತ್ತಿನಲ್ಲಿ ಮೈದಾ ಮತ್ತು ಬಾದಾಮಿ ನೀರನ್ನು ಹೀರಿಕೊಳ್ಳುತ್ತವೆ, ಬೆಣ್ಣೆ ಗಟ್ಟಿಯಾಗಿ ಹಿಟ್ಟು ಮಂದವಾಗುತ್ತದೆ. ಮಂದ ಹಿಟ್ಟಿನ ಮೇಲೆ ಇಟ್ಟ ಹಣ್ಣು ತಕ್ಷಣ ತಳಕ್ಕೆ ಇಳಿಯುವುದಿಲ್ಲ. ಅದು ಇಳಿಯುವ ಮೊದಲೇ ಸುತ್ತಲಿನ ಹಿಟ್ಟು ಬೆಂದು ಹಿಡಿದುಕೊಳ್ಳುತ್ತದೆ.

ಯಾವ ಹಣ್ಣು, ಎಷ್ಟು

ಆಸ್ಟ್ರೇಲಿಯಾದಲ್ಲಿ ರಾಸ್ಪ್‌ಬೆರಿ, ಬ್ಲೂಬೆರಿಗಳದ್ದೇ ರೂಢಿ. ಬ್ಲೂಬೆರಿಗೆ ಸಿಪ್ಪೆಯ ರಕ್ಷಣೆ ಇರುವುದರಿಂದ ರಸ ನಿಧಾನ ಬಿಡುತ್ತದೆ, ಹೊಸಬರಿಗೆ ಅದೇ ಸುಲಭ. ರಾಸ್ಪ್‌ಬೆರಿ ಬೇಗ ಕರಗುತ್ತದೆ, ಆದರೆ ಅದರ ಹುಳಿ ಬಾದಾಮಿಯ ಜಿಡ್ಡಿಗೆ ಚೆನ್ನಾಗಿ ಕೂಡುತ್ತದೆ. ನಮ್ಮಲ್ಲಿ ಚಳಿಗಾಲದಲ್ಲಿ ಮಹಾಬಲೇಶ್ವರದ ಸ್ಟ್ರಾಬೆರಿ ಸಿಗುತ್ತದೆ. ಶೇ 90ರಷ್ಟು ನೀರಿರುವ ಹಣ್ಣು ಅದು. ಸಣ್ಣಗೆ ಹೆಚ್ಚಿ, ಕತ್ತರಿಸಿದ ಮೈ ಕೆಳಗೆ ಮಾಡಿ ಕಾಗದದ ಮೇಲೆ ಹತ್ತು ನಿಮಿಷ ಬಿಟ್ಟು ಬಳಸಿ.

ಹಿಪ್ಪುನೇರಳೆ ಹಣ್ಣು ಸಿಕ್ಕರೆ ಬಿಡಬೇಡಿ. ರೇಷ್ಮೆಗೆಂದು ಬೆಳೆಸಿದ ತೋಟದಲ್ಲಿ ಸೊಪ್ಪಿಗಾಗಿ ಗಿಡ ಕತ್ತರಿಸುತ್ತಲೇ ಇರುವುದರಿಂದ ಹಣ್ಣು ಅಪರೂಪ. ಬದುವಿನಲ್ಲೋ ಹಿತ್ತಲಿನಲ್ಲೋ ಮರವಾಗಲು ಬಿಟ್ಟ ಗಿಡದಲ್ಲಿ ಗೊಂಚಲು ಗೊಂಚಲಾಗಿ ಬರುತ್ತದೆ. ಪೂರ್ತಿ ಕಪ್ಪಾದದ್ದು ಬರೀ ಸಿಹಿ. ಅದರೊಂದಿಗೆ ಇನ್ನೂ ಕೆಂಪಿರುವ ನಾಲ್ಕು ಹಣ್ಣು ಬೆರೆಸಿದರೆ ಹುಳಿಯೂ ಸೇರುತ್ತದೆ. ಹಣ್ಣಿನೊಳಗೆ ಹಾದು ಬರುವ ಹಸಿರು ತೊಟ್ಟನ್ನು ಎಳೆದರೆ ಹಣ್ಣು ಹರಿಯುತ್ತದೆ, ಕತ್ತರಿಯಿಂದ ತುಂಡರಿಸಿ.

ಹಣ್ಣು ತೊಳೆದರೆ ಮೈ ಒಣಗುವವರೆಗೆ ಕಾಯಿರಿ. ಒಂದೊಂದು ಕೇಕಿಗೆ 10 ಗ್ರಾಂ ಮೀರಬೇಡಿ; ಬ್ಲೂಬೆರಿಯಾದರೆ ಐದಾರು, ಸ್ಟ್ರಾಬೆರಿಯಾದರೆ ಮಧ್ಯಮ ಗಾತ್ರದ್ದೊಂದಕ್ಕಿಂತ ಸ್ವಲ್ಪ ಕಡಿಮೆ. ಹಿಟ್ಟಿನಲ್ಲಿ ಕಲಸದೆ ಮೇಲೆ ಇಟ್ಟು, ಮೆಲ್ಲಗೆ ಅರ್ಧದಷ್ಟು ಒತ್ತಿ. ಅಂಚಿಗೆ ತಾಗಿದ ಹಣ್ಣು ಕರಟಿ ಟ್ರೇಗೆ ಅಂಟುತ್ತದೆ, ನಡುವೆಯೇ ಇರಲಿ. ಫ್ರೀಜರಿನ ಹಣ್ಣಾದರೆ ಕರಗಲು ಬಿಡದೆ ಗಟ್ಟಿಯಿರುವಾಗಲೇ ಇಡಿ, ಒಂದೆರಡು ನಿಮಿಷ ಹೆಚ್ಚು ಬೇಯಿಸಿ.

ಬೆಂದ ಬ್ಲೂಬೆರಿಯ ಸುತ್ತ ಹಸಿರು ಮಿಶ್ರಿತ ನೀಲಿ ಬಳೆ ಕಂಡರೆ ಕೇಕು ಕೆಟ್ಟಿತೆಂದು ಎಸೆಯಬೇಡಿ. ಹಣ್ಣಿನ ಬಣ್ಣಕ್ಕೆ ಕಾರಣವಾದ ಆಂಥೋಸಯಾನಿನ್ ಹುಳಿ ಇರುವಲ್ಲಿ ಕೆಂಪಾಗಿಯೂ ಕ್ಷಾರ ಇರುವಲ್ಲಿ ನೀಲಿ, ಹಸಿರಾಗಿಯೂ ಕಾಣುತ್ತದೆ. ಮೊಟ್ಟೆಯ ಬಿಳಿ ಕ್ಷಾರದ ಕಡೆಗಿರುವ ವಸ್ತು, ಹಳೆಯದಾದಷ್ಟೂ ಕ್ಷಾರ ಹೆಚ್ಚು. ತಾಜಾ ಮೊಟ್ಟೆ ಬಳಸಿದರೆ ಬಳೆ ತೆಳುವಾಗುತ್ತದೆ.

ಓವನ್ನಿನಲ್ಲಿ

ಅಂಡಾಕಾರದ ಅಚ್ಚು ಇಲ್ಲದಿದ್ದರೆ ಮಫಿನ್ ಟ್ರೇ ಸಾಕು. ಕಾಗದದ ಕಪ್ಪು ಬೇಡ. ಬಿಸಿ ಲೋಹಕ್ಕೆ ನೇರ ತಾಗಿದರೇ ಅಂಚು ಗರಿಗರಿಯಾಗುವುದು. ಮೆತ್ತಗಿನ ಬೆಣ್ಣೆ ಸವರಿ, ಮೈದಾ ಉದುರಿಸಿ, ಹೆಚ್ಚಾದದ್ದನ್ನು ತಟ್ಟಿ ತೆಗೆಯಿರಿ. ಗುಳಿಯ ಮುಕ್ಕಾಲು ಭಾಗ ಹಿಟ್ಟು ತುಂಬಿ.

ಒಟಿಜಿಯನ್ನು 200 ಡಿಗ್ರಿಗೆ, ಫ್ಯಾನ್ ಇರುವ ಕನ್ವೆಕ್ಷನ್ ಓವನ್ನಾದರೆ 180ಕ್ಕೆ ಇಟ್ಟು ಮೊದಲೇ ಹದಿನೈದು ನಿಮಿಷ ಕಾಯಿಸಿ. ಮೇಲಿನ, ಕೆಳಗಿನ ಎರಡೂ ರಾಡ್ ಉರಿಯುತ್ತಿರಲಿ, ಟ್ರೇ ನಡುವಿನ ಹಂತದಲ್ಲಿರಲಿ. ಆರಂಭದ ಈ ಜೋರು ಬಿಸಿಗೆ ತಣ್ಣಗಿನ ಹಿಟ್ಟಿನ ಅಂಚು ಬೇಗ ಗಟ್ಟಿಯಾಗುತ್ತದೆ, ನಡುವೆ ಮಾತ್ರ ಆವಿಯ ಒತ್ತಡಕ್ಕೆ ಮೇಲೇರುತ್ತದೆ. ಫ್ರಿಯಾಂಡಿನ ಆ ಉಬ್ಬು ಹುಟ್ಟುವುದು ಹೀಗೆ. 18ರಿಂದ 22 ನಿಮಿಷದಲ್ಲಿ ಬೇಯುತ್ತದೆ. ಮೊದಲ ಹತ್ತು ನಿಮಿಷ ಬಾಗಿಲು ತೆರೆಯಬೇಡಿ. ಅಂಚು ಕಂದಾಗಿ ಟ್ರೇಯಿಂದ ಸ್ವಲ್ಪ ಬಿಟ್ಟುಕೊಂಡಿರಬೇಕು, ಬೆರಳಿನಿಂದ ಒತ್ತಿದರೆ ಮತ್ತೆ ಮೇಲೇಳಬೇಕು. ಕಡ್ಡಿ ಚುಚ್ಚಿ ನೋಡುವಾಗ ಹಣ್ಣನ್ನು ತಪ್ಪಿಸಿ ಚುಚ್ಚಿ, ಇಲ್ಲದಿದ್ದರೆ ರಸ ಅಂಟಿದ್ದನ್ನೇ ಹಸಿ ಹಿಟ್ಟು ಎಂದುಕೊಳ್ಳುತ್ತೀರಿ.

ಹೊರಗೆ ತೆಗೆದ ಮೇಲೆ ಐದು ನಿಮಿಷ ಟ್ರೇಯಲ್ಲೇ ಇರಲಿ. ಅದಕ್ಕಿಂತ ಬೇಗ ತೆಗೆದರೆ ಮುರಿಯುತ್ತದೆ. ಪೂರ್ತಿ ಆರಲು ಬಿಟ್ಟರೆ ಒಳಗಿನ ಆವಿ ತಳದಲ್ಲಿ ನೀರಾಗಿ ನಿಂತು ಗರಿ ಹೋಗುತ್ತದೆ, ಸಕ್ಕರೆ ಅಂಟಿಕೊಳ್ಳುತ್ತದೆ. ತಂತಿ ಜಾಲರಿಯ ಮೇಲೆ ಆರಿಸಿ.

ಇಡುವುದು

ಮಾಡಿದ ದಿನ ಅಂಚಿನ ಗರಿ, ಮರುದಿನ ಒಳಗಿನ ಮೃದು, ಎರಡಕ್ಕೂ ಅಭಿಮಾನಿಗಳಿದ್ದಾರೆ. ಹಣ್ಣಿರುವುದರಿಂದ ಹೊರಗೆ ಒಂದು ದಿನಕ್ಕಿಂತ ಹೆಚ್ಚು ಬೇಡ, ಕರಾವಳಿಯ ಸೆಖೆಯಲ್ಲಿ ಅದೂ ಬೇಡ. ಫ್ರಿಜ್ಜಿನಲ್ಲಿಟ್ಟು, ತಿನ್ನುವ ಮೊದಲು 160 ಡಿಗ್ರಿಯಲ್ಲಿ ಐದು ನಿಮಿಷ ಬೆಚ್ಚಗೆ ಮಾಡಿದರೆ ಗರಿ ಮರಳುತ್ತದೆ. ಮೈಕ್ರೋವೇವ್ ಬೇಡ, ಅಂಚು ತೊಗಲಿನಂತಾಗುತ್ತದೆ. ಉಳಿದ ಹಳದಿಗಳನ್ನು ಒಂದು ಚಮಚ ನೀರಿನೊಂದಿಗೆ ಮುಚ್ಚಿಟ್ಟು ಎರಡು ದಿನದೊಳಗೆ ಕಸ್ಟರ್ಡಿಗೋ ಆಮ್ಲೆಟ್ಟಿಗೋ ಬಳಸಿ. ಬೇರೆ ಅಡುಗೆಯಲ್ಲಿ ಬಿಳಿ ಉಳಿದರೆ ಫ್ರೀಜರಿಗೆ ಹಾಕಿ, ಮುಂದಿನ ಸಲಕ್ಕೆ ಬರುತ್ತದೆ.

ಮೊದಲ ಸಲ ಮಾಡುವವರಿಗೆ ಒಂದು ಮಾತು. ಆರರಲ್ಲಿ ಎರಡು ಕೇಕನ್ನು ಹಣ್ಣಿಲ್ಲದೆ ಬೇಯಿಸಿ, ಆರಿದ ಮೇಲೆ ಹಣ್ಣಿನದೊಂದು, ಹಣ್ಣಿಲ್ಲದ್ದೊಂದು ಕತ್ತರಿಸಿ ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಹಸಿಯಾಗಿದ್ದರೆ ನಿಮ್ಮ ಓವನ್ ಹೇಳಿದಷ್ಟು ಬಿಸಿಯಾಗುತ್ತಿಲ್ಲ, ಹತ್ತಿಪ್ಪತ್ತು ಡಿಗ್ರಿ ಏರಿಸಿ. ಎರಡೂ ಜಿಡ್ಡಾಗಿದ್ದರೆ ಮಿಕ್ಸಿಯಲ್ಲಿ ಬಾದಾಮಿ ಎಣ್ಣೆ ಬಿಟ್ಟಿದೆ, ಇಲ್ಲವೇ ಬೆಣ್ಣೆ ಸರಿಯಾಗಿ ಬೆರೆತಿಲ್ಲ. ಹಣ್ಣಿನದು ಮಾತ್ರ ಹಸಿಯಾಗಿದ್ದರೆ ಹಿಟ್ಟಿನಲ್ಲಿ ತಪ್ಪಿಲ್ಲ; ಮುಂದಿನ ಸಲ ಒಂದೆರಡು ಹಣ್ಣು ಕಡಿಮೆ ಇಡಿ, ಅಷ್ಟೇ.