ಮನೆಯ ವಿದ್ಯುತ್ತು, ಮನೆಮಂದಿಯ ಕ್ಷೇಮ

ಕುಟುಂಬದ ಕ್ಷೇಮವೆಂದರೆ ಗರ್ಭಿಣಿಯ ಪೋಷಣೆ, ಮಗುವಿನ ಲಸಿಕೆ ಇಷ್ಟೇ ಅಲ್ಲ. ಜೋಪಾನವಾಗಿ ಸಾಕಿದ ಮಗು ಬಚ್ಚಲಿನ ಬಕೆಟ್ಟಿಗೆ ಕೈ ಹಾಕಿದ ಒಂದು ಕ್ಷಣದಲ್ಲಿ ಇಲ್ಲವಾಗುವಂತಾಗಬಾರದು. ಆದುದರಿಂದ ಮನೆಯೊಳಗಿನ ವಿದ್ಯುಚ್ಛಕ್ತಿಯ ವಿಷಯವನ್ನು ಪತಿಪತ್ನಿಯರಿಬ್ಬರೂ ಒಟ್ಟಿಗೆ ಕುಳಿತು ತಿಳಿಯುವುದು ಅವಶ್ಯಕ. ವಿದ್ಯುತ್ತಿನ ಕೆಲಸ ಗಂಡಸರದು, ಅದನ್ನು ಬಳಸುವುದು ಹೆಂಗಸರದು ಎಂಬ ರೂಢಿಯಿಂದಲೇ ಅರ್ಧ ಅಪಾಯ ಹುಟ್ಟುತ್ತದೆ.

ಕರ್ನಾಟಕಕ್ಕೆ ವಿದ್ಯುತ್ತು ಹೊಸದಲ್ಲ. 1902ರಲ್ಲಿಯೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಅದು ಹರಿದಿತ್ತು. ಆದರೆ ಜಗಳೂರಿನಂಥ ಬಯಲುಸೀಮೆಯ ಬಡಕುಟುಂಬಗಳಿಗೆ ಅದು ಬಹಳ ತಡವಾಗಿ, ಅನೇಕರಿಗೆ ಭಾಗ್ಯಜ್ಯೋತಿ ಯೋಜನೆಯ ಒಂದೇ ಒಂದು ದೀಪವಾಗಿ ಬಂದಿತು. ಆ ಒಂದು ದೀಪಕ್ಕೆಂದು ಎಳೆದ ತೆಳುತಂತಿಯ ಮೇಲೆಯೇ ಇಂದು ಮಿಕ್ಸಿ, ಟಿ.ವಿ., ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ ಎಲ್ಲವೂ ನಡೆಯುತ್ತಿರುವ ಮನೆಗಳುಂಟು. 2023ರಲ್ಲಿ ಗೃಹಜ್ಯೋತಿ ಯೋಜನೆ ಜಾರಿಗೆ ಬಂದ ಮೇಲೆ ಬಿಲ್ಲಿನ ಚಿಂತೆ ಕಡಿಮೆಯಾಯಿತು. ಗೋಡೆಯ ಮೇಲಿನ ತಂತಿ ಮಾತ್ರ ಹಳೆಯದೇ ಉಳಿಯಿತು. 60 ವ್ಯಾಟಿನ ದೀಪವು ಎಳೆಯುವ ಕರೆಂಟು ಸುಮಾರು ಕಾಲು ಆಂಪಿಯರ್. 1500 ವ್ಯಾಟಿನ ಕಾಯಿಲ್ ಆರೂವರೆ ಆಂಪಿಯರ್ ಎಳೆಯುತ್ತದೆ. ಇಪ್ಪತ್ತೈದು ಪಟ್ಟು ಹೊರೆ ಬಿದ್ದಾಗ ತಂತಿ ಬಿಸಿಯೇರಿ, ಹೊದಿಕೆ ಕರಗಿ, ಬೆಂಕಿಗೆ ದಾರಿಯಾಗುತ್ತದೆ.

“ಫ್ಯೂಸ್ ಇದೆಯಲ್ಲ, ಭಯವೇಕೆ?” ಎಂದು ನೀವು ಕೇಳಬಹುದು. ಇಲ್ಲಿಯೇ ಬಹಳ ಮಂದಿ ತಪ್ಪು ತಿಳಿದಿದ್ದಾರೆ. ಫ್ಯೂಸ್ ಕಾಪಾಡುವುದು ತಂತಿಯನ್ನು, ಮನುಷ್ಯನನ್ನಲ್ಲ. 5 ಆಂಪಿಯರಿನ ಫ್ಯೂಸ್ ಕರಗಬೇಕಾದರೆ 5 ಆಂಪಿಯರಿಗಿಂತ ಹೆಚ್ಚು ಕರೆಂಟು ಹರಿಯಬೇಕು. ಮನುಷ್ಯನ ಎದೆಯ ಮೂಲಕ ಅದರ ನೂರರಲ್ಲೊಂದು ಪಾಲು ಹರಿದರೂ ಹೃದಯದ ಬಡಿತ ಕೆಟ್ಟು ಪ್ರಾಣ ಹೋಗಬಹುದು. ಫ್ಯೂಸ್ ಹಾಗೆಯೇ ಇರುತ್ತದೆ. ಇನ್ನು ಫ್ಯೂಸ್ ಪದೇ ಪದೇ ಹೋಗುವುದೆಂದು ಎರಡು ಮೂರು ಎಳೆ ತಾಮ್ರದ ತಂತಿ ಕಟ್ಟುವುದಂತೂ ಕಾವಲುಗಾರನ ಕಣ್ಣಿಗೆ ಬಟ್ಟೆ ಕಟ್ಟಿದಂತೆ.

ಮನುಷ್ಯನನ್ನು ಕಾಯುವುದು ಭೂಸಂಪರ್ಕ, ಅಂದರೆ ಅರ್ತಿಂಗ್. ಮೂರು ಕಾಲಿನ ಪ್ಲಗ್ಗಿನಲ್ಲಿ ಮೇಲಿನ ಕಾಲು ದಪ್ಪವಾಗಿ, ಉದ್ದವಾಗಿ ಇರುವುದನ್ನು ನೋಡಿದ್ದೀರಿ. ಪ್ಲಗ್ ಸಿಕ್ಕಿಸುವಾಗ ಮಿಕ್ಕ ಎರಡಕ್ಕಿಂತ ಮೊದಲು ಅದು ತಗುಲಲಿ ಎಂದೇ ಹಾಗೆ ಮಾಡಿರುವರು. ಇಸ್ತ್ರಿ ಪೆಟ್ಟಿಗೆಯ ಒಳಗೆ ತಂತಿ ಬಿಚ್ಚಿ ಲೋಹಕ್ಕೆ ತಾಗಿದರೆ ಆ ಕರೆಂಟನ್ನು ಈ ಕಾಲು ನೆಲಕ್ಕೆ ಇಳಿಸುತ್ತದೆ. ಈ ಕಾಲನ್ನು ಮುರಿದು ಎರಡು ತೂತಿನ ಸಾಕೆಟ್ಟಿಗೆ ಸೇರಿಸುವುದು, ಪ್ಲಗ್ಗೇ ಇಲ್ಲದೆ ತಂತಿಯ ತುದಿಗಳನ್ನು ಬೆಂಕಿಕಡ್ಡಿಯಿಂದ ಸಿಕ್ಕಿಸುವುದು ನಿಮ್ಮ ಮನೆಯಲ್ಲಿದ್ದರೆ ಇಂದೇ ನಿಲ್ಲಿಸಿರಿ.

ಜಗಳೂರು ಸೀಮೆಯವರು ವಿಶೇಷವಾಗಿ ಗಮನಿಸಬೇಕಾದ ಮಾತೊಂದಿದೆ. ಮಳೆ ಕಡಿಮೆಯಾದ ಒಣನೆಲದಲ್ಲಿ ಅರ್ತಿಂಗ್ ಇದ್ದೂ ಇಲ್ಲದಂತಾಗುತ್ತದೆ, ಏಕೆಂದರೆ ಒಣಮಣ್ಣು ಕರೆಂಟನ್ನು ಸುಲಭವಾಗಿ ಒಳಗೊಳ್ಳುವುದಿಲ್ಲ. ಸ್ವಲ್ಪ ಲೆಕ್ಕವಿದೆ, ಪುಟ ಮಗುಚಬೇಡಿರಿ. ಗುಂಡಿಯ ಮಣ್ಣು ಒಣಗಿ ಅದರ ತಡೆ 50 ಓಮ್ ಆಯಿತೆನ್ನೋಣ. 230 ವೋಲ್ಟಿನಲ್ಲಿ ಅದರ ಮೂಲಕ ಹರಿಯಬಲ್ಲದ್ದು 4.6 ಆಂಪಿಯರ್ ಮಾತ್ರ. 5 ಆಂಪಿಯರಿನ ಫ್ಯೂಸ್ ಕರಗದು. ಕೆಟ್ಟ ಉಪಕರಣದ ಮೈಯಲ್ಲಿ ಕರೆಂಟು ನಿಂತೇ ಇರುತ್ತದೆ. ಆದುದರಿಂದ ಪರವಾನಗಿ ಪಡೆದ ಕೆಲಸಗಾರನಿಂದ ಉಪ್ಪು, ಇದ್ದಿಲು ತುಂಬಿದ ಗುಂಡಿ ಮಾಡಿಸಿ, ಬೇಸಿಗೆಯಲ್ಲಿ ಅದನ್ನು ತೇವವಾಗಿಡಿರಿ. ಕುಡಿಯುವ ನೀರಿಗೇ ಪರದಾಟವಿರುವಾಗ ಗುಂಡಿಗೆ ನೀರೇ ಎನ್ನುವಿರಾದರೆ, ಪಾತ್ರೆ ತೊಳೆದ ನೀರೇ ಸಾಕು.

ಇದರ ಜೊತೆಗೆ ಮೇನ್ ಸ್ವಿಚ್ಚಿನ ಬಳಿ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಿರಿ. ಕರೆಂಟು ಸ್ವಲ್ಪ ಸೋರಿದರೂ, ಅದು ಮನುಷ್ಯನ ಮೈ ಮೂಲಕ ನೆಲಕ್ಕೆ ಸೋರಿದರೂ, ಕಣ್ಣು ಮಿಟುಕಿಸುವುದರೊಳಗೆ ಇದು ಮನೆಯ ವಿದ್ಯುತ್ತನ್ನೇ ಕಡಿಯುತ್ತದೆ. ಅರ್ತಿಂಗ್ ಅಷ್ಟು ಚೆನ್ನಾಗಿಲ್ಲದ ಒಣನೆಲದಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ಅದರ ಮೇಲಿರುವ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ವಿದ್ಯುತ್ತು ಕಡಿಯುವುದೇ ಎಂದು ನೋಡಿರಿ. ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ ಮೊದಲು ಇದನ್ನು ಕೊಳ್ಳಿರಿ; ಹೊಸ ಮಿಕ್ಸಿ ಕಾಯಬಹುದು.

ಮನೆಬಳಕೆಯ ಉಪಕರಣಗಳಲ್ಲಿ ಕಾಯಿಲ್‌ನಷ್ಟು ಅಪಾಯಕಾರಿಯಾದುದು ಮತ್ತೊಂದಿಲ್ಲವೆಂದು ನಮ್ಮ ಅಭಿಪ್ರಾಯ. ಮೊದಲು ನೀರು, ಆಮೇಲೆ ಕಾಯಿಲ್, ಕೊನೆಗೆ ಸ್ವಿಚ್ಚು ಎಂಬ ಕ್ರಮವನ್ನು ಎಂದೂ ತಪ್ಪಬಾರದು. ನೀರು ಕಾದಿತೇ ಎಂದು ಬೆರಳಿಟ್ಟು ನೋಡುವ ಅಭ್ಯಾಸವನ್ನು ಬಿಡಬೇಕು. ಸ್ವಿಚ್ಚು ಆರಿಸಿ, ಪ್ಲಗ್ ಕಿತ್ತು, ಕಾಯಿಲ್ಲನ್ನು ಹೊರತೆಗೆದ ನಂತರವೇ ನೀರನ್ನು ಮುಟ್ಟತಕ್ಕದ್ದು. ಲೋಹದ ಹಂಡೆ, ಬಕೆಟ್ಟುಗಳಲ್ಲಿ ಕಾಯಿಲ್ ಇಡಬಾರದು. ನೀರು ಕಾಯುತ್ತಿರುವ ಕೋಣೆಗೆ ಮಕ್ಕಳು ಹೋಗದಂತೆ ಬಾಗಿಲು ಹಾಕಿರಿ.

ಮನೆಯ ಹೊರಗೆ ಎರಡು ಕಡೆ ಕಣ್ಣಿಡಿರಿ. ಕಂಬದಿಂದ ಬರುವ ತಂತಿ ತಗಡಿನ ಸೂರಿಗೆ ಉಜ್ಜುತ್ತಿದ್ದರೆ ಮಳೆಯ ದಿನ ಇಡೀ ಮನೆಯೇ ಶಾಕ್ ಹೊಡೆಯಬಹುದು. ಬಟ್ಟೆ ಒಣಹಾಕಲು ಕಬ್ಬಿಣದ ತಂತಿ ಬೇಡ, ನೂಲಿನ ಇಲ್ಲವೆ ನೈಲಾನ್ ಹಗ್ಗ ಕಟ್ಟಿರಿ. ತಂತಿ ಹರಿದು ಬಿದ್ದಿದ್ದರೆ ಯಾರನ್ನೂ ಹತ್ತಿರ ಬಿಡದೆ 1912ಕ್ಕೆ ದೂರವಾಣಿ ಮಾಡಿರಿ.

ಇಷ್ಟಾದರೂ ಮನೆಯಲ್ಲಿ ಯಾರಿಗಾದರೂ ಶಾಕ್ ತಗುಲಿದರೆ ಅವರನ್ನು ಕೈಯಿಂದ ಎಳೆಯಬೇಡಿರಿ, ಎಳೆದವರೂ ಸಿಕ್ಕಿಕೊಳ್ಳುವರು. ಮೇನ್ ಸ್ವಿಚ್ ಆರಿಸಿರಿ. ಅದು ಸಾಧ್ಯವಾಗದಿದ್ದರೆ ಒಣಹಲಗೆಯ ಮೇಲೆ ನಿಂತು, ಒಣಗಿದ ಮರದ ಕೋಲಿನಿಂದ ತಂತಿಯನ್ನು ಸರಿಸಿರಿ. ಹಸಿಕೋಲು ಕೂಡದು. ಅನಂತರ ಉಸಿರಾಟ ನೋಡಿರಿ. ಪ್ರಜ್ಞೆಯೂ ಸರಿಯಾದ ಉಸಿರೂ ಇಲ್ಲದಿದ್ದರೆ ಒಬ್ಬರು 108ಕ್ಕೆ ಕರೆ ಮಾಡುತ್ತಿರುವಾಗಲೇ ಮತ್ತೊಬ್ಬರು ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು, ಐದು ಸೆಂಟಿಮೀಟರ್ ತಗ್ಗುವಂತೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತುತ್ತಿರಬೇಕು. ಆಂಬುಲೆನ್ಸ್ ಬರುವವರೆಗೂ ಬಿಡಬಾರದು. ಮಣ್ಣಿನಲ್ಲಿ ಹೂಳುವುದರಿಂದ, ಮೈಗೆ ಮಣ್ಣು ಮೆತ್ತುವುದರಿಂದ ಯಾವ ಪ್ರಯೋಜನವೂ ಇಲ್ಲ. ಪ್ರಾಣ ಉಳಿಸಬಹುದಾದ ನಿಮಿಷಗಳು ಅದರಲ್ಲಿಯೇ ಕಳೆದುಹೋಗುತ್ತವೆ.

ಶಾಕ್ ತಗುಲಿದವರು ಎದ್ದು ಕುಳಿತು ಮಾತನಾಡಿದರೂ ಆಸ್ಪತ್ರೆಗೆ ತೋರಿಸಿರಿ. ಹೃದಯದ ಬಡಿತದಲ್ಲಿ ಏರುಪೇರಾಗಿರಬಹುದು. ಹೊರಗೆ ಚಿಕ್ಕದಾಗಿ ಕಾಣುವ ಸುಟ್ಟಗಾಯ ಒಳಗೆ ಆಳವಾಗಿರಬಹುದು. ಗರ್ಭಿಣಿಗೆ ಎಷ್ಟೇ ಸಣ್ಣ ಶಾಕ್ ತಗುಲಿದ್ದರೂ ಅಂದೇ ವೈದ್ಯರ ಬಳಿಗೆ ಕರೆದೊಯ್ದು, ನಡೆದುದನ್ನು ಮುಚ್ಚಿಡದೆ ತಿಳಿಸಿ, ಒಡಲೊಳಗಿನ ಮಗುವಿನ ಎದೆಬಡಿತವನ್ನು ಪರೀಕ್ಷೆ ಮಾಡಿಸಿರಿ.